ಮಂಡಿ ಒಳಗೆ ಮೂಳೆ ಸತ್ತಿದೆ ಅಂತಾರೆ, ಅರ್ಧ ಮಂಡಿ ಬದಲಿಸಿದ್ರೆ ಸಾಕಾ?

ಕಾಫಿ ಕುಯ್ಲು ಮುಗೀತಿದ್ದ ಹಾಗೆ ನಂಗೆ ಮಂಡಿ ಪತ್ರಗಳು ಜಾಸ್ತಿ ಆಗ್ತವೆ, ಈ ವರ್ಷನೂ ಹಂಗೇ ಆಗಿದೆ. ಅದ್ರಲ್ಲಿ ನಾಲ್ಕೈದು ಪತ್ರ ಒಂದೇ ಕಾಯಿಲೆ ಬಗ್ಗೆ ಇದ್ವು, ಅದಕ್ಕೇ ಈ ಸಲ ಬೇರೆ ಪ್ರಶ್ನೆಗಳನ್ನ ಪಕ್ಕಕ್ಕಿಟ್ಟು ಇದನ್ನೇ ತಗೊಂಡಿದ್ದೀನಿ.

ಪ್ರಶ್ನೆ: ಡಾಕ್ಟ್ರೇ ನಮಸ್ತೆ. ನಮ್ಮಮ್ಮನಿಗೆ 62 ವರ್ಷ, ಸಕಲೇಶಪುರದ ಹತ್ರ ನಮ್ಮದು ಮೂರೆಕರೆ ತೋಟ. ಜನವರಿಲಿ ರೋಬಸ್ಟಾ ಕುಯ್ಯುವಾಗ ಬಿದ್ದಿಲ್ಲ, ಏಟಾಗಿಲ್ಲ, ಇಳಿಜಾರಲ್ಲಿ ಹಣ್ಣಿನ ಚೀಲ ಹೊತ್ಕೊಂಡು ಒಂದು ಹೆಜ್ಜೆ ಇಟ್ಟಾಗ ಬಲಗಾಲು ಮಂಡಿ ಒಳಮಗ್ಗುಲಲ್ಲಿ ಚುಳುಕ್ ಅಂತಂತೆ. ಆವತ್ತಿಂದ ನೋವು, ರಾತ್ರಿ ಮಲಗಿದ್ರೂ ಬಿಡಲ್ಲ. ಎಕ್ಸ್‌ರೇ ತೆಗೆದು ಏನಿಲ್ಲ ವಯಸ್ಸಾಯ್ತಲ್ಲ ಸವೆತ ಅಂತ ಮಾತ್ರೆ ಕೊಟ್ರು. ಎರಡು ತಿಂಗಳು ಬಿಟ್ಟು ಎಂಆರ್‌ಐ ಮಾಡ್ಸಿದ್ರೆ ಆಸ್ಟಿಯೋನೆಕ್ರೋಸಿಸ್, ಮೂಳೆ ಸತ್ತಿದೆ ಅಂತಿದ್ದಾರೆ. ಒಬ್ರು ಪೂರ್ತಿ ಮಂಡಿ ಬದಲಿಸ್ಬೇಕು ಅಂದ್ರು, ಇನ್ನೊಬ್ರು ಅರ್ಧ ಸಾಕು ಅಂದ್ರು. ಯಾರ ಮಾತು ಕೇಳೋದು? ಮೂಳೆ ಸತ್ತಿದೆ ಅಂದ್ರೆ ಕ್ಯಾನ್ಸರಾ? ಅಮ್ಮ ಆಪರೇಷನ್ ಅಂದಿದ್ದಕ್ಕೆ ಸರಿಯಾಗಿ ಊಟಾನೇ ಮಾಡ್ತಿಲ್ಲ.

ಉತ್ತರ: ಮೊದಲು ಅಮ್ಮನ್ನ ಕೂರಿಸಿಕೊಂಡು ಇದನ್ನ ಓದಿ ಹೇಳಮ್ಮ: ಇದು ಕ್ಯಾನ್ಸರ್ ಅಲ್ಲ. ಮಂಡಿಯಿಂದ ಮೇಲಕ್ಕೆ ಹಬ್ಬೋದಿಲ್ಲ, ಕಾಲು ತೆಗೀಬೇಕಾಗಲ್ಲ, ಜೀವಕ್ಕೆ ಅಪಾಯ ಇಲ್ಲ. ಮೂಳೆ ಸತ್ತಿದೆ ಅನ್ನೋ ಮಾತು ಕೇಳೋಕೆ ಭಯಂಕರ, ಆದ್ರೆ ಸತ್ತಿರೋದು ಮಂಡಿ ಒಳಗಿನ ಒಂದು ಸಣ್ಣ ಜಾಗ, ಸಾಮಾನ್ಯವಾಗಿ ತೊಡೆ ಮೂಳೆಯ ಕೆಳತುದಿಯಲ್ಲಿ, ಎರಡೂ ಮಂಡಿ ಒಂದಕ್ಕೊಂದು ತಾಗೋ ಆ ಒಳಮಗ್ಗುಲಲ್ಲಿ.

ಹಳೇ ಮನೆಗಳಲ್ಲಿ ಗಾರೆ ನೆಲ ನೋಡಿರ್ತೀರಲ್ಲ, ಮೇಲೆ ನುಣ್ಣಗೆ ಚೆನ್ನಾಗೇ ಇರತ್ತೆ, ಕೆಳಗೆ ಹೆಗ್ಗಣ ಮಣ್ಣು ತೋಡಿ ಟೊಳ್ಳು ಮಾಡಿರತ್ತೆ, ಒಂದಿನ ಅಕ್ಕಿ ಮೂಟೆ ಇಳಿಸಿದ ಕಡೆ ಕುಸೀತದೆ. ಮಂಡಿಲೂ ಹಂಗೇ. ಮೇಲಿನ ನುಣುಪು ಪದರ ಕಾರ್ಟಿಲೇಜ್, ಅದರ ಅಡಿಯಲ್ಲಿ ಅದನ್ನ ಹೊತ್ಕೊಂಡಿರೋ ಮೂಳೆ. ಆ ಅಡಿ ಮೂಳೆಗೆ ರಕ್ತ ಹೋಗೋದು ನಿಂತು ಅದು ಸತ್ತಾಗ, ಮೇಲಿನ ಪದರ ಸ್ವಲ್ಪ ದಿನ ತಡ್ಕೊಳ್ಳತ್ತೆ, ಆಮೇಲೆ ಹಳ್ಳ ಬೀಳತ್ತೆ. ಮೊದಲ ವಾರಗಳಲ್ಲಿ ಎಕ್ಸ್‌ರೇಲಿ ಏನೂ ಕಾಣಲ್ಲ ಅನ್ನೋದು ಇದಕ್ಕೇನೇ, ಎಂಆರ್‌ಐ ಮಾಡಿದ್ರೆ ಮಾತ್ರ ಗೊತ್ತಾಗೋದು. ನಿಮಗೆ ಮೊದಲು ನೋಡಿದವರು ಏನಿಲ್ಲ ಅಂದಿದ್ದು ಫಿಲಂ ನೋಡಿ ಹೇಳಿದ ಮಾತು, ಫಿಲಂನಲ್ಲಿ ಇರಲಿಲ್ಲ. ಆದ್ರೂ 60 ದಾಟಿದ ಹೆಂಗಸು, ಏಟೇ ಇಲ್ಲ, ಆವತ್ತು ಇಷ್ಟು ಗಂಟೆಗೆ ಶುರುವಾಯ್ತು ಅಂತ ಹೇಳೋ ಅಷ್ಟು ದಿಢೀರ್ ನೋವು, ರಾತ್ರಿ ಮಲಗಿದ್ರೂ ನೋವು, ಎಲ್ಲಿ ಅಂದ್ರೆ ಒಂದೇ ಬೆರಳಿಟ್ಟು ಇಲ್ಲೇ ಅಂತ ತೋರಿಸ್ತಾರೆ. ಇಷ್ಟೂ ಒಟ್ಟಿಗೆ ಇದ್ದಾಗ ಸವೆತ ಅಂತ ಬರೆದು ಕಳಿಸಬಾರದು ಅನ್ನೋದು ನನ್ನ ಅಭಿಪ್ರಾಯ. ಸವೆತದ ನೋವು ವರ್ಷಗಟ್ಟಲೆ ನಿಧಾನಕ್ಕೆ ಬರೋದು, ತಾರೀಕು ಹೇಳಕ್ಕಾಗಲ್ಲ.

ಈ ಕಾಯಿಲೆನ ಬೇರೆ ಮಾಡಿ ಮೊದಲು ವಿವರಿಸಿದ್ದು ಸ್ವೀಡನ್ನಿನ ಆಲ್‌ಬ್ಯಾಕ್ ಅನ್ನೋ ಎಕ್ಸ್‌ರೇ ತಜ್ಞರು ಮತ್ತೆ ಅವರ ಜೊತೆಯವರು, 1968ರಲ್ಲಿ. ಆಗ ತಾನಾಗೇ ಮೂಳೆ ಸಾಯತ್ತೆ ಅಂದ್ಕೊಂಡಿದ್ರು. 2000ದ ಹೊತ್ತಿಗೆ, ಆಪರೇಷನ್‌ನಲ್ಲಿ ತೆಗೆದ ಮೂಳೆಗಳನ್ನ ಮೈಕ್ರೋಸ್ಕೋಪ್ ಕೆಳಗಿಟ್ಟು ನೋಡಿದಾಗ ಬಹಳ ಕೇಸ್‌ಗಳಲ್ಲಿ ಮೊದಲು ಆಗಿರೋದು ಕೂದಲೆಳೆಯಂಥ ಬಿರುಕು, ಸತ್ತಿರೋದು ಆಮೇಲೆ ಅಂತ ಗೊತ್ತಾಯ್ತು. ಮುಟ್ಟು ನಿಂತ ಮೇಲೆ ಮೂಳೆ ಬಲ ಕಮ್ಮಿ ಆಗಿರತ್ತೆ, ಮಂಡಿ ಒಳಗೆ ವಾಷರ್ ಥರ ಇರೋ ಮೆನಿಸ್ಕಸ್ ಬುಡದಲ್ಲಿ ಹರಿದಿರತ್ತೆ, ಭಾರ ಪೂರ್ತಿ ಒಂದೇ ಜಾಗದ ಮೇಲೆ ಬೀಳತ್ತೆ, ಬಿರುಕು ಬಿಡತ್ತೆ. ನಿಮ್ಮಮ್ಮನ ಎಂಆರ್‌ಐ ರಿಪೋರ್ಟ್‌ನಲ್ಲಿ ಮೆನಿಸ್ಕಸ್ ರೂಟ್ ಟೇರ್ ಅಂತ ಇದ್ಯಾ ಒಂದ್ಸಲ ನೋಡಿ, ಬಹಳ ಜನರಲ್ಲಿ ಇರತ್ತೆ.

ಇದನ್ನ ಇಷ್ಟುದ್ದ ಯಾಕೆ ಹೇಳ್ದೆ ಅಂದ್ರೆ ಬಿರುಕು ಅಂದ್ಮೇಲೆ ಅದು ಕೂಡ್ಕೊಳ್ಳೋ ಚಾನ್ಸೂ ಇದೆ ಅಂತಾಯ್ತು. ಸತ್ತ ಜಾಗ ಸಣ್ಣದಿದ್ದು, ಅಂದ್ರೆ ಸುಮಾರು ಮೂರೂವರೆ ಚದರ ಸೆಂಟಿಮೀಟರ್ ಒಳಗೆ, ಹೆಚ್ಚುಕಮ್ಮಿ ಒಂದು ರೂಪಾಯಿ ನಾಣ್ಯದಷ್ಟು, ಇನ್ನೂ ಕುಸಿದಿಲ್ಲ ಅಂದ್ರೆ ಆ ಕಾಲಿನ ಮೇಲೆ ಭಾರ ಹಾಕದೆ ಆರು ವಾರದಿಂದ ಮೂರು ತಿಂಗಳು ಕಾದ್ರೆ ಎಷ್ಟೋ ಜನಕ್ಕೆ ಆಪರೇಷನ್ ಇಲ್ಲದೆ ವಾಸಿ ಆಗತ್ತೆ. ಐದು ಚದರ ಸೆಂಟಿಮೀಟರ್ ದಾಟಿದ್ರೆ, ಈಗಿನ ಐದು ರೂಪಾಯಿ ನಾಣ್ಯ ಅಂದ್ಕೊಳ್ಳಿ, ಸಾಮಾನ್ಯವಾಗಿ ಕುಸಿಯೋ ಕಡೆಗೇ ಹೋಗತ್ತೆ. ಹಾಗಾಗಿ ಅರ್ಧವೋ ಪೂರ್ತಿಯೋ ಅಂತ ಕೇಳೋಕೆ ಮುಂಚೆ ಡಾಕ್ಟ್ರ ಹತ್ರ ಎರಡು ವಿಷಯ ಕೇಳಿ. ಸತ್ತ ಜಾಗ ಎಷ್ಟು ದೊಡ್ಡದು? ಮೂಳೆ ಮೇಲ್ಮೈ ಚಪ್ಪಟೆ ಆಗಿದ್ಯಾ, ಇಲ್ಲ ಇನ್ನೂ ದುಂಡಗಿದ್ಯಾ?

ಈ ಭಾರ ಹಾಕದೆ ಇರೋ ವಿಷಯಕ್ಕೆ ಸ್ವಲ್ಪ ನಿಂತ್ಕೋತೀನಿ, ಯಾಕಂದ್ರೆ ನಮ್ಮ ಕಡೆ ಹೆಂಗಸರಿಗೆ ಸಿಗದೆ ಇರೋ ಔಷಧಿ ಇದೊಂದೇ. ರೆಸ್ಟ್ ಅಂತ ಬರ್ದು ಕೊಟ್ರೆ ಮನೆಗೆ ಹೋಗಿ ಕಣದಲ್ಲಿ ಕಾಫಿ ಹರಡೋಕೆ ಹೋಗ್ತಾರೆ, ಆಳಿಗೆ ಟೀ ಕಾಯಿಸ್ತಾರೆ, ಕೊಟ್ಟಿಗೆಗೆ ಹೋಗಿ ಕುಕ್ಕರುಗಾಲಲ್ಲಿ ಹಾಲು ಕರೀತಾರೆ, ಮೂರು ವಾರ ಬಿಟ್ಟು ಬಂದು ಮಾತ್ರೆ ಕೆಲಸ ಮಾಡ್ಲಿಲ್ಲ ಅಂತಾರೆ. ಮಾತ್ರೆ ನೋವು ಕಮ್ಮಿ ಮಾಡತ್ತೆ ಅಷ್ಟೇ, ಮೂಳೆ ಕೂಡ್ಕೊಳ್ಳೋಕೆ ಅದರ ಮೇಲೆ ಭಾರ ಬೀಳಬಾರದು. ಮನೆಯವರು ಅಡುಗೆ, ಕೊಟ್ಟಿಗೆ, ನೀರು ಇಷ್ಟನ್ನ ಮೂರು ತಿಂಗಳು ಹಂಚ್ಕೊಂಡ್ರೆ ಒಂದು ಮಂಡಿ ಉಳಿಯಬಹುದು. ದಯವಿಟ್ಟು ಹಂಚ್ಕೊಳ್ಳಿ. ಕೋಲು ಹಿಡಿಯೋದಾದ್ರೆ ನೋವಿರೋ ಕಾಲಿನ ಎದುರು ಕೈಲಿ, ಬಲಮಂಡಿ ನೋವಿದ್ರೆ ಎಡಗೈಲಿ ಹಿಡೀಬೇಕು, ನಾನು ನೋಡೋ ಹತ್ತರಲ್ಲಿ ಎಂಟು ಜನ ಉಲ್ಟಾ ಹಿಡಿದಿರ್ತಾರೆ. ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ವಿಟಮಿನ್ ಡಿ ರಕ್ತ ಪರೀಕ್ಷೆ ಮಾಡ್ಸಿ, ಮೂಳೆ ಸಾಂದ್ರತೆ ನೋಡೋ ಡೆಕ್ಸಾ ಸ್ಕ್ಯಾನ್ ಆದ್ರೆ ಇನ್ನೂ ಒಳ್ಳೇದು, ಮೂಳೆ ಟೊಳ್ಳಿದ್ರೆ ಅದಕ್ಕೂ ಔಷಧಿ ಬೇಕು. ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸ್ಕೊಂಡ್ರೆ ಬೇಗ ಸರಿಹೋಗತ್ತೆ ಅಂತ ಯಾರಾದ್ರೂ ಅಂದ್ರೆ ಈ ಕಾಯಿಲೇಲಿ ಒಪ್ಕೋಬೇಡಿ.

ಈಗ ನಿಮ್ಮ ಪ್ರಶ್ನೆ. ಆಗಲೇ ಕುಸಿದು ಹಳ್ಳ ಬಿದ್ದಿದೆ ಅಂದ್ರೆ ಕಾಯೋದ್ರಲ್ಲಿ ಅರ್ಥ ಇಲ್ಲ, ಆಪರೇಷನ್ನೇ ಬೇಕಾಗತ್ತೆ. ಮಂಡಿಲಿ ಮೂರು ಕೋಣೆ ಇದೆ ಅಂದ್ಕೊಳ್ಳಿ, ಒಳಮಗ್ಗುಲು, ಹೊರಮಗ್ಗುಲು, ಮುಂದೆ ಚಿಪ್ಪಿನ ಹಿಂದೆ ಒಂದು. ನಿಮ್ಮಮ್ಮನಿಗೆ ಹಾಳಾಗಿರೋದು ಒಂದೇ ಕೋಣೆ ಆಗಿದ್ದು, ಮಧ್ಯದಲ್ಲಿರೋ ಎಸಿಎಲ್ ಅನ್ನೋ ಹಗ್ಗ ಗಟ್ಟಿ ಇದ್ದು, ಕಾಲು ಡೊಂಕಾಗಿದ್ರೂ ಕೈಲಿ ಒತ್ತಿದ್ರೆ ನೇರ ಆಗೋ ಹಾಗಿದ್ದು, ಮಂಡಿ ಹೆಚ್ಚುಕಮ್ಮಿ ಪೂರ್ತಿ ನೀಡೋಕಾದ್ರೆ ಪಾರ್ಷಿಯಲ್, ಅಂದ್ರೆ ಭಾಗಶಃ ಮಂಡಿ ಬದಲಾವಣೆ ಸಾಕು. ಚೆನ್ನಾಗಿರೋ ಎರಡು ಕೋಣೆ ಯಾಕೆ ಒಡೀಬೇಕು? ಈ ಆಪರೇಷನ್ ಹೊಸದೂ ಅಲ್ಲ, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಗುಡ್‌ಫೆಲೋ ಅನ್ನೋ ಸರ್ಜನ್ ಮತ್ತೆ ಓಕಾನರ್ ಅನ್ನೋ ಎಂಜಿನಿಯರ್ ಸೇರಿ ಮಾಡಿದ ಮಂಡಿನ 1982ರಿಂದ ಒಂದೇ ಕೋಣೆಗೆ ಹಾಕ್ತಾ ಬಂದಿದ್ದಾರೆ, ಅದನ್ನ ಹಾಕೋ ಕಾರಣಗಳ ಪಟ್ಟಿಲಿ ಈ ಮೂಳೆ ಸಾಯೋ ಕಾಯಿಲೆನೂ ಇದೆ.

ನನ್ನ ಟೇಬಲ್ ಮೇಲೆ ಒಂದು ಸ್ಯಾಂಪಲ್ ಇಟ್ಕೊಂಡಿದ್ದೀನಿ, ಭಯ ಪಡೋರ ಕೈಗೆ ಕೊಡ್ತೀನಿ. ಮೇಲೆ ಕೂರೋ ಭಾಗ ಹೊಳೆಯೋ ಲೋಹ, ಕೊಬ್ಬರಿ ಹೋಳಿನ ಹಾಗೆ ಬಾಗಿರತ್ತೆ, ಅಂಗೈಲಿ ಮುಚ್ಚಿಟ್ಕೋಬಹುದು. ಕೆಳಗೆ ಒಂದು ಚಪ್ಪಟೆ ತಗಡು. ಮಧ್ಯೆ ಗಟ್ಟಿ ಪ್ಲಾಸ್ಟಿಕ್, ಪಾಲಿಎಥಿಲೀನ್, ಕೆಲವು ಮಿಲಿಮೀಟರ್ ದಪ್ಪ, ಕೇರಂ ಪಾನ್ ನೆನಪಾಗತ್ತೆ. ಇಷ್ಟೇ ಒಳಗೆ ಹೋಗೋದು. ಕುಯ್ಯೋದೂ ಪೂರ್ತಿ ಮಂಡಿಗಿಂತ ಚಿಕ್ಕದು, ಸುಮಾರು ಎಂಟು ಹತ್ತು ಸೆಂಟಿಮೀಟರ್. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸ್ತಾರೆ, ಒಂದರಿಂದ ಒಂದೂವರೆ ಗಂಟೆ ಕೆಲಸ, ಆವತ್ತು ಸಂಜೆನೋ ಮಾರನೇ ದಿನನೋ ವಾಕರ್ ಹಿಡಿಸಿ ನಡೆಸ್ತಾರೆ, ಎರಡು ಮೂರು ದಿನಕ್ಕೆ ಮನೆ.

ಮೂಳೆ ಸತ್ತಿರೋರಿಗೆ ಇದ್ರಲ್ಲಿ ಒಂದು ವಿಶೇಷ ಇದೆ, ಅದನ್ನ ಸರ್ಜನ್ ಹತ್ರ ಬಾಯ್ಬಿಟ್ಟು ಕೇಳಿ. ಹೊಸ ಭಾಗ ಕೂರೋದು ಜೀವ ಇರೋ ಮೂಳೆ ಮೇಲೆ ಆಗ್ಬೇಕು. ಸತ್ತಿರೋದನ್ನ ಕೆರೆದು ತೆಗೆದು ರಕ್ತ ಜಿನುಗೋ ಮೂಳೆ ಸಿಗೋವರೆಗೂ ಹೋಗ್ತಾರೆ, ಉಳಿದ ಗುಂಡೀನ ಮೂಳೆ ಸಿಮೆಂಟಲ್ಲೋ ನಿಮ್ಮದೇ ಮೂಳೆ ಚೂರಲ್ಲೋ ತುಂಬ್ತಾರೆ. ಗುಂಡಿ ತುಂಬಾ ಆಳ ಇದ್ರೆ ಪಾರ್ಷಿಯಲ್ ನಿಲ್ಲಲ್ಲ, ಆಗ ಪೂರ್ತಿ ಬದಲಿಸೋದೇ ಸರಿ. ಬಹುಶಃ ನಿಮಗೆ ಇಬ್ರು ಎರಡು ಥರ ಹೇಳಿರೋದೂ ಇಲ್ಲೇ ಇರಬಹುದು, ಇಬ್ರಲ್ಲಿ ಒಬ್ರು ಮೋಸ ಮಾಡ್ತಿದ್ದಾರೆ ಅಂತ ಅಂದ್ಕೋಬೇಡಿ. ಎಂಆರ್‌ಐ ಫಿಲಂ ಮತ್ತೆ ನಿಂತ್ಕೊಂಡು ತೆಗೆದ ಎಕ್ಸ್‌ರೇ ತಗೊಂಡು ಹೋಗಿ, ಮಲಗಿಸಿ ತೆಗೆದಿದ್ದು ಸಾಲಲ್ಲ, ಹೊರಮಗ್ಗುಲು ಚೆನ್ನಾಗಿದ್ಯಾ, ಗುಂಡಿ ಎಷ್ಟು ಆಳ ಅಂತ ಇಬ್ರನ್ನೂ ಕೇಳಿ. ಪಾರ್ಷಿಯಲ್‌ನ ಆಗಾಗ ಮಾಡಿ ಕೈ ಪಳಗಿರೋರ ಹತ್ರನೇ ಮಾಡ್ಸಿ, ವರ್ಷಕ್ಕೆ ಎಷ್ಟು ಮಾಡ್ತೀರಾ ಸಾರ್ ಅಂತ ಕೇಳೋದು ತಪ್ಪಲ್ಲ, ಒಳ್ಳೇ ಸರ್ಜನ್‌ಗೆ ಅದ್ರಿಂದ ಬೇಜಾರಾಗಲ್ಲ.

ಪ್ರಶ್ನೆ: ಅರ್ಧ ಮಾಡ್ಸಿದ್ರೆ ಹತ್ತು ವರ್ಷಕ್ಕೆ ಮತ್ತೆ ಪೂರ್ತಿ ಮಾಡಿಸ್ಬೇಕಾಗತ್ತೆ, ಎರಡು ಖರ್ಚು, ಒಂದೇ ಸಲ ಮುಗಿಸ್ಕೊಂಡ್ಬಿಡಿ ಅಂತ ನಮ್ಮ ನೆಂಟರು ಹೇಳ್ತಿದ್ದಾರೆ. ನನಗೆ 66, ನಿವೃತ್ತ ಮೇಷ್ಟ್ರು, ಚಿಕ್ಕಮಗಳೂರು. ನನಗೂ ಇದೇ ಕಾಯಿಲೆ, ಒಳಮಗ್ಗುಲು ಕುಸಿದಿದೆ.

ಉತ್ತರ: ಮೇಷ್ಟ್ರೇ, ನಿಮ್ಮ ನೆಂಟರ ಮಾತಲ್ಲಿ ಅರ್ಧ ನಿಜ ಇದೆ. 2019ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬೇರೆ ಬೇರೆ ದೇಶದ ದಾಖಲೆ ಕೂಡಿಸಿ ನೋಡಿದ ಲೆಕ್ಕ ಬಂತು. 25 ವರ್ಷ ಆದ್ಮೇಲೂ ಪೂರ್ತಿ ಮಂಡಿ ನೂರಕ್ಕೆ ಸುಮಾರು 82 ಉಳಿದಿರತ್ತೆ, ಭಾಗಶಃ ಮಂಡಿ ಸುಮಾರು 70. ಅಂದ್ರೆ ಮತ್ತೆ ಮಾಡಿಸೋ ಸಂಭವ ಭಾಗಶಃದಲ್ಲಿ ಜಾಸ್ತಿ, ಅದನ್ನ ಮುಚ್ಚಿಡಬಾರದು. ಆದ್ರೆ 66 ವಯಸ್ಸಿನೋರಿಗೆ 25 ವರ್ಷ ಅಂದ್ರೆ 91, ಅಲ್ಲೀವರೆಗೂ ನೂರಕ್ಕೆ 70 ನಡೀತಿದೆ ಅಂದ್ರೆ ಹತ್ತು ವರ್ಷಕ್ಕೆ ಎಲ್ಲರದ್ದೂ ಹೋಗತ್ತೆ ಅನ್ನೋ ಮಾತು ನಿಲ್ಲಲ್ಲ. ಅದೇ ವರ್ಷ ಬ್ರಿಟನ್ನಿನಲ್ಲಿ 528 ಜನರನ್ನ ಎರಡು ಗುಂಪು ಮಾಡಿ, ಒಂದಕ್ಕೆ ಪೂರ್ತಿ ಇನ್ನೊಂದಕ್ಕೆ ಭಾಗಶಃ ಅಂತ ಆರಿಸಿ, ಐದು ವರ್ಷ ನೋಡಿದ ಇನ್ನೊಂದು ಅಧ್ಯಯನನೂ ಬಂತು, ನೋವು ನಡಿಗೆ ಎರಡರಲ್ಲೂ ಎರಡೂ ಗುಂಪು ಹೆಚ್ಚುಕಮ್ಮಿ ಸಮ, ಖರ್ಚು ಭಾಗಶಃದಲ್ಲಿ ಕಮ್ಮಿ. ಅದು ಒಳಮಗ್ಗುಲ ಸವೆತದೋರ ಮೇಲೆ ಮಾಡಿದ್ದು, ಮೂಳೆ ಸತ್ತೋರ ಮೇಲೆ ಅಲ್ಲ, ಅಷ್ಟು ನೆನಪಿಟ್ಕೊಳ್ಳಿ. ಜೊತೆಗೆ ಭಾಗಶಃದಲ್ಲಿ ರಕ್ತ ಹೋಗೋದು ಕಮ್ಮಿ, ಸೋಂಕು ಕಮ್ಮಿ, ಮಂಡಿ ಮಡಚೋದು ಜಾಸ್ತಿ, ಹಗ್ಗಗಳು ನಿಮ್ಮವೇ ಉಳಿಯೋದ್ರಿಂದ ನನ್ನ ಕಾಲೇ ಅನ್ನಿಸತ್ತೆ ಅಂತ ಮಾಡಿಸಿಕೊಂಡೋರೇ ಹೇಳ್ತಾರೆ. ಮುಂದೆ ಒಂದಿನ ಪೂರ್ತಿ ಬೇಕಾದ್ರೆ ಅದನ್ನ ಮಾಡೋಕೆ ದಾರಿನೂ ಇರತ್ತೆ. ನಮ್ಮಣ್ಣ ನಿಮ್ಮ ಸ್ಥಿತೀಲಿದ್ರೆ ಒಂದೇ ಕೋಣೆ ಬದಲಿಸ್ಕೋ ಅಂತಲೇ ಹೇಳ್ತಿದ್ದೆ.

ಪ್ರಶ್ನೆ: ನಾನು ಕೊಪ್ಪದೋನು, ವಯಸ್ಸು 41. ಒಂದು ಕಾಯಿಲೆಗೆ ಎರಡು ವರ್ಷದಿಂದ ಸ್ಟೀರಾಯ್ಡ್ ಮಾತ್ರೆ ತಗೋತಿದ್ದೀನಿ. ಈಗ ಎರಡೂ ಮಂಡಿ ಮೂಳೆ ಸತ್ತಿದೆ ಅಂತ ಬಂದಿದೆ. ನನಗೂ ಪಾರ್ಷಿಯಲ್ ಆಗತ್ತಾ?

ಉತ್ತರ: ನಿಮ್ಮದು ಹೆಸರು ಒಂದೇ ಆದ್ರೂ ಜಾತಿ ಬೇರೆ. ಸ್ಟೀರಾಯ್ಡ್‌ನಿಂದ, ವಿಪರೀತ ಕುಡಿತದಿಂದ, ಲೂಪಸ್ ಅಥವಾ ಸಿಕಲ್ ಸೆಲ್ ಥರದ ಕಾಯಿಲೆಯಿಂದ ಬರೋದು ಸಾಮಾನ್ಯವಾಗಿ ಚಿಕ್ಕ ವಯಸ್ಸಿಗೆ, ಎರಡೂ ಮಂಡಿಗೆ, ಒಳಮಗ್ಗುಲು ಹೊರಮಗ್ಗುಲು ಎರಡಕ್ಕೂ ಬರತ್ತೆ. ಹಾಗಾಗಿ ಒಂದೇ ಕೋಣೆ ಬದಲಿಸಿದ್ರೆ ಪಕ್ಕದ್ದು ಉಳಿಯತ್ತೆ ಅನ್ನೋ ಭರವಸೆ ಕಮ್ಮಿ. ಕುಸಿಯೋಕೆ ಮುಂಚೆ ಬಂದ್ರೆ ಸಣ್ಣ ಡ್ರಿಲ್‌ನಿಂದ ತೂತು ಮಾಡಿ ಒಳಗಿನ ಒತ್ತಡ ಇಳಿಸೋ ಕೋರ್ ಡಿಕಂಪ್ರೆಷನ್ ಅನ್ನೋದು ಮಾಡ್ತಾರೆ, ಮೊದಲು ಅದನ್ನ ಕೇಳಿ. ಎರಡೂ ಸೊಂಟದ ಕೀಲಿಗೂ ಎಂಆರ್‌ಐ ಮಾಡ್ಸಿ, ಅಲ್ಲೂ ಇರೋದು ಬಹಳ ಸಾಮಾನ್ಯ. ಇನ್ನೊಂದು, ಇದನ್ನ ಓದಿ ಸ್ಟೀರಾಯ್ಡ್ ಮಾತ್ರೆನ ಇವತ್ತೇ ಬಿಸಾಕಬೇಡಿ. ಎರಡು ವರ್ಷ ತಗೊಂಡಿರೋ ಮೈಗೆ ಅದು ದಿಢೀರ್ ನಿಂತ್ರೆ ಜೀವಕ್ಕೇ ಅಪಾಯ ಆಗ್ಬಹುದು, ಬರೆದು ಕೊಟ್ಟ ಡಾಕ್ಟ್ರ ಹತ್ರನೇ ಹೋಗಿ ನಿಧಾನಕ್ಕೆ ಇಳಿಸ್ಕೊಳ್ಳಿ. ಹೆಸರಿಲ್ಲದ ಪೊಟ್ಟಣದ ನೋವಿನ ಪುಡಿ ಏನಾದ್ರೂ ತಗೋತಿದ್ರೆ ಅದನ್ನೂ ಅವ್ರಿಗೆ ತೋರಿಸಿ, ಅಂಥ ಪುಡೀಲಿ ಸ್ಟೀರಾಯ್ಡ್ ಬೆರೆಸಿರೋದು ಸಿಕ್ಕಿದೆ.

ಪ್ರಶ್ನೆ: ಮೇಡಂ ಅಥವಾ ಸಾರ್, ಭಾಗಶಃ ಆಪರೇಷನ್ ಆಗಿ ಎರಡು ತಿಂಗಳಾಯ್ತು, ನಡಿಗೆ ಚೆನ್ನಾಗಿದೆ. ನೆಲದ ಮೇಲೆ ಕೂರಬಹುದಾ? ದೀಪಾವಳಿಗೆ ದೇವೀರಮ್ಮನ ಬೆಟ್ಟ ಹತ್ತೋ ಹರಕೆ ಇದೆ. ಹಾಸನಾಂಬೆ ದರ್ಶನಕ್ಕೂ ಹೋಗ್ಬೇಕು.

ಉತ್ತರ: ನಡಿಗೆ ಚೆನ್ನಾಗಿದೆ ಅಂತ ಕೇಳಿ ಸಂತೋಷ ಆಯ್ತು. ಚಕ್ಕಳಮಕ್ಕಳ ಹಾಕಿ ಕೂರೋಕೆ ಭಾಗಶಃ ಮಾಡಿಸಿಕೊಂಡ ಕೆಲವರಿಗೆ ಆಗತ್ತೆ, ಆದ್ರೆ ದಿನಾ ಬೇಡ, ಊಟಕ್ಕೆ ಟೇಬಲ್ಲು, ಪೂಜೆಗೆ ಮಣೆ ಬದಲು ಸ್ಟೂಲು, ಕಕ್ಕಸಿಗೆ ಕಮೋಡ್ ಮಾಡ್ಕೊಳ್ಳಿ. ಮಂಡಿಯೂರಿ ನಮಸ್ಕಾರ ಮಾಡಿದ್ರೆ ಏನೋ ಒತ್ತಿದ ಹಾಗೆ ಅನ್ನಿಸತ್ತೆ, ಅದ್ರಿಂದ ಒಳಗಿರೋದು ಮುರಿಯಲ್ಲ. ಹಾಸನಾಂಬೆ ಬಾಗಿಲು ವರ್ಷಕ್ಕೆ ಒಂದೇ ಸಲ ತೆಗೆಯೋದು, ಹೋಗ್ಬೇಡಿ ಅಂತ ನನ್ನ ಬಾಯಲ್ಲಿ ಬರಲ್ಲ, ಆದ್ರೆ ಗಂಟೆಗಟ್ಟಲೆ ಒಂದೇ ಕಡೆ ನಿಂತ್ರೆ ಮಂಡಿ ಊದತ್ತೆ. ಮಡಚೋ ಸ್ಟೂಲ್ ತಗೊಂಡು ಹೋಗಿ, ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸ್ತಾ ಇರಿ, ಜೊತೆಗೆ ಒಬ್ರು ಇರ್ಲಿ. ದೇವೀರಮ್ಮನ ಬೆಟ್ಟ ಬೇರೆ ಮಾತು, ಕಡಿದು, ಮಳೆ ಬಿದ್ದಿದ್ರೆ ಜಾರತ್ತೆ, ಜನ ಒತ್ತುತ್ತಾ ಇರ್ತಾರೆ, ಹತ್ತೋದಕ್ಕಿಂತ ಇಳಿಯೋದೇ ಮಂಡಿಗೆ ಕಷ್ಟ. ಈ ವರ್ಷ ಬೇಡ. ಬಿಂಡಿಗದ ದೇವಸ್ಥಾನದಲ್ಲಿ ಕೆಳಗೇ ಕಾಯಿ ಒಡೆಸಿ ಹರಕೆ ಮುಂದಕ್ಕೆ ಹಾಕ್ಕೊಳ್ಳಿ, ತಾಯಿಗೆ ಅರ್ಥ ಆಗತ್ತೆ. ಮುಂದಿನ ವರ್ಷ ತೊಡೆ ಬಲ ಬಂದಿದ್ಯಾ ಅಂತ ನಿಮ್ಮ ಸರ್ಜನ್ ನೋಡಿ ಹೇಳ್ಲಿ.

ಪ್ರಶ್ನೆ: ಖರ್ಚು ಬಗ್ಗೆ ಹೇಳಿ. ಅರಕಲಗೂಡು ಹತ್ರ ನಮ್ಮೂರು, ಬಿಪಿಎಲ್ ಕಾರ್ಡ್ ಇದೆ.

ಉತ್ತರ: ಮಂಡಿಯೊಳಗೆ ಹಾಕೋ ಭಾಗಗಳಿಗೆ ಸರ್ಕಾರ 2017ರ ಆಗಸ್ಟ್‌ನಿಂದ ದರಕ್ಕೆ ಮಿತಿ ಹಾಕಿದೆ, ಆಗ ಕೇಂದ್ರ ಮಂತ್ರಿ ಆಗಿದ್ದ ನಮ್ಮ ಅನಂತಕುಮಾರ್ ಅವರೇ ಅದನ್ನ ಘೋಷಣೆ ಮಾಡಿದ್ದು. ಹಾಗಾಗಿ ಬಿಲ್‌ನಲ್ಲಿ ಇಂಪ್ಲಾಂಟ್ ಬೆಲೆ ಬೇರೆ, ಕಂಪನಿ ಹೆಸರು ಬೇರೆ ಬರೆಸಿಕೊಳ್ಳಿ, ಡಬ್ಬಿ ಮೇಲಿನ ಸ್ಟಿಕ್ಕರ್ ನಿಮ್ಮ ಡಿಸ್ಚಾರ್ಜ್ ಫೈಲಿಗೆ ಅಂಟಿಸಿದ್ದಾರಾ ನೋಡಿ, ಹತ್ತು ವರ್ಷ ಬಿಟ್ಟು ಏನಾದ್ರೂ ಆದ್ರೆ ಅದೇ ಬೇಕಾಗೋದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಗೆ ನೆರವು ಇದೆ. ಖಾಸಗಿ ಆಸ್ಪತ್ರೆಗೆ ದುಡ್ಡು ಕಟ್ಟೋಕೆ ಮುಂಚೆ ಹಾಸನದ ಹಿಮ್ಸ್‌ಗೆ, ಅಂದ್ರೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ ಮೂಳೆ ವಿಭಾಗದಲ್ಲಿ ತೋರಿಸಿ, ಅಲ್ಲೇ ಈ ಯೋಜನೆಗೆ ದಾರಿ ತೋರಿಸೋ ಆರೋಗ್ಯಮಿತ್ರ ಕೂತಿರ್ತಾರೆ, ರೇಷನ್ ಕಾರ್ಡ್ ಆಧಾರ್ ಎರಡೂ ಕೊಟ್ಟು ನಿಮ್ಮ ಆಪರೇಷನ್ ಪಟ್ಟಿಲಿ ಹೇಗಿದೆ, ರೆಫರಲ್ ಚೀಟಿ ಬೇಕಾ ಅಂತ ಕೇಳಿ. ಆಪರೇಷನ್ ಆದ್ಮೇಲೆ ಕೇಳಿದ್ರೆ ಪ್ರಯೋಜನ ಇಲ್ಲ.

ಪ್ರಶ್ನೆ: ನಮ್ಮತ್ತೆಗೆ ಮೂರು ತಿಂಗಳು ವಾಕರ್ ಹಿಡೀಬೇಕು ಅಂದಿದ್ದಾರೆ, ಆಪರೇಷನ್ ಬೇಡ ಅಂದಿದ್ದಾರೆ. ಅವರು ಬೀದಿ ಜನ ನೋಡ್ತಾರೆ ಅಂತ ನಾಚ್ಕೊಂಡು ಮೂಲೇಲಿಟ್ಟಿದ್ದಾರೆ, ಬಗ್ಗಿ ಬೆನ್ನು ನೋಯತ್ತೆ ಅಂತಾನೂ ಹೇಳ್ತಾರೆ. ಬೇಲೂರಿಂದ ಸೊಸೆ.

ಉತ್ತರ: ಬೆನ್ನು ನೋಯತ್ತೆ ಅಂದ್ರೆ ವಾಕರ್ ಗಿಡ್ಡ ಇದೆ ಅಂತ. ಅಂಗಡಿಯವ್ರು ಕೊಟ್ಟ ಹಾಗೇ ತಂದಿರ್ತೀರಾ. ಅತ್ತೇನ ಚಪ್ಪಲಿ ಹಾಕಿಸಿ ನೇರ ನಿಲ್ಸಿ, ಕೈ ಇಳಿಬಿಡಿಸಿ, ವಾಕರ್ ಹಿಡಿ ಅವರ ಮಣಿಕಟ್ಟಿನ ಮಟ್ಟಕ್ಕೆ ಬರ್ಬೇಕು. ವಾಕರ್ ಕಾಲಲ್ಲಿ ಸಣ್ಣ ಬಟನ್ ಇರತ್ತೆ, ಒತ್ತಿ ಎಳೆದ್ರೆ ಉದ್ದ ಆಗತ್ತೆ, ನಾಲ್ಕೂ ಕಾಲು ಒಂದೇ ತೂತಿಗೆ ಕೂತಿದ್ಯಾ ನೋಡಿ, ಟಕ್ ಅಂತ ಸದ್ದು ಬರ್ಬೇಕು. ಮೊದಲ ವಾರ ಮನೆ ಒಳಗೇ ನಡೆಯಲಿ, ಅಂಗಳಕ್ಕೆ ಸಂಜೆ ಹೊತ್ತಲ್ಲಿ ನೀವೂ ಜೊತೆಗೆ ಹೋಗಿ. ಕುಸಿಯೋಕೆ ಮುಂಚೆ ಗೊತ್ತಾಗಿದೆ ಅಂದ್ರೆ ಅವರ ಪುಣ್ಯ, ಅವರ ಮಂಡಿ ಅವರಿಗೇ ಉಳಿಯೋ ಸಂಭವ ಇದೆ ಅಂತ ನಾನು ಹೇಳ್ದೆ ಅಂತ ಹೇಳಿ, ಆರು ವಾರಕ್ಕೆ ಮತ್ತೊಂದು ಎಕ್ಸ್‌ರೇ ತೆಗೆಸಿದಾಗ ನನಗೆ ಬರೀರಿ.